ಆಸಿಡ್ ಉರಿಯೋದಿಲ್ಲ ಅನ್ನುವ ಬುದ್ಧಿವಂತರಿಗೆ

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಪ್ರಾಜೆಕ್ಟು, ರಿಲೀಸು, ಅದರ ಹಿಂದೆಯೇ ಬರುವ ಬಗ್ಗುಗಳು... ನೆಪಗಳಿಗೇನು ಬರ ಇಲ್ಲ. ಇವತ್ತು ಮಾತ್ರ ಬರೆಯದೇ ನಿದ್ದೆ ಬರಲ್ಲ ಅನ್ನಿಸಿ ಕೂತಿದ್ದೇನೆ. ಸ್ವಲ್ಪ ಕೋಪದಲ್ಲಿದ್ದೇನೆ, ಮೊದಲೇ ಹೇಳಿಬಿಡ್ತೀನಿ :)

ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬೀಳೋ ಮಾತು ಬಂತು. ಒಬ್ಬ ಗೆಳೆಯ ಮನೆಗೆ ಹೊಸ ಯುಪಿಎಸ್ ತಗೋಬೇಕು ಅಂತಿದ್ದ. ಇನ್ನೊಬ್ಬ ಮಹಾಶಯ ಅನ್ನ ಸಾರು ಕಲಸುತ್ತಾ ತೀರ್ಪು ಕೊಟ್ಟ: "ಲಿಥಿಯಂ ಸಹವಾಸ ಬೇಡ ಗುರು, ಅದು ಉರಿಯುತ್ತೆ. ನಮ್ಮ ಹಳೇ ಲೆಡ್ ಆಸಿಡ್ ಬ್ಯಾಟರಿ ತಗೋ. ಆಸಿಡ್ ಉರಿಯೋದಿಲ್ಲ. ಮೂಲೇಲಿಟ್ಟು ಮರೆತುಬಿಡು." ಮೇಜಿನ ಸುತ್ತ ಆರು ಜನ ಎಂಜಿನಿಯರುಗಳು. ಆರೂ ಜನ ತಲೆಯಾಡಿಸಿದರು. ನಾನು ಜಗಳ ತೆಗೆದೆ. ಊಟದ ಹೊತ್ತು ಮುಗಿಯಿತು, ಜಗಳ ಮುಗೀಲಿಲ್ಲ. ಉಳಿದಿದ್ದನ್ನು ಇಲ್ಲಿ ಮುಗಿಸ್ತೀನಿ.

ನನ್ನ ಕೋಪಕ್ಕೆ ಒಂದು ಕಾರಣ ಇದೆ. "ಆಸಿಡ್ ಉರಿಯೋದಿಲ್ಲ, ಮೂಲೇಲಿಟ್ಟು ಮರೆತುಬಿಡು" ಅನ್ನೋ ಈ ಮಾತನ್ನು ಎರಡು ವರ್ಷದ ಹಿಂದೆ ನಾನೇ ನಮ್ಮಮ್ಮನಿಗೆ ಹೇಳಿದ್ದೆ.

ನಮ್ಮೂರು ಅರಸೀಕೆರೆ ಹತ್ತಿರ. ಕರೆಂಟು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅಂತ ಹೇಳೋ ಹಾಗಿಲ್ಲ. ಊರಿಂದಲೇ ಕೆಲಸ ಮಾಡುವ ದಿನಗಳಿಗೆ ಅಂತ ನಾನೇ 150 ಆಂಪಿಯರ್-ಅವರಿನ ಬ್ಯಾಟರಿ, ಯುಪಿಎಸ್ ಹಾಕಿಸಿದ್ದೆ. ಹಾಲಿನಲ್ಲಿಟ್ಟರೆ ಚೆಂದ ಕಾಣಲ್ಲ ಅಂತ ಮೆಟ್ಟಿಲ ಕೆಳಗಿನ ಕಪಾಟಿಗೆ ಸೇರಿಸಿದೆವು. ಬಡಗಿಯ ಹತ್ತಿರ ಪ್ಲೈವುಡ್ ಬಾಗಿಲು ಮಾಡಿಸಿ, ಜಿರಲೆ ಹೋಗಬಾರದು ಅಂತ ಸಂದಿಗೊಂದಿಗೂ ಪಟ್ಟಿ ಹೊಡೆಸಿದೆ. ಒಳಗೆ ಇನ್ನೂ ಜಾಗ ಇತ್ತಲ್ಲ, ಅಮ್ಮ ಹಳೇ ಪೇಪರಿನ ಕಟ್ಟು ಇಟ್ಟರು. ನಾನು ಬೇಡ ಅನ್ನಲಿಲ್ಲ. ಆಸಿಡ್ ಉರಿಯಲ್ವಲ್ಲ!

ಕಳೆದ ವರ್ಷ ಯುಗಾದಿಗೆ ಊರಿಗೆ ಹೋಗಿದ್ದಾಗ ಬ್ಯಾಟರಿ ಹತ್ತು ನಿಮಿಷಕ್ಕೇ ಕೈ ಕೊಡುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆವು. ಒಬ್ಬ ಹುಡುಗ ಬಂದ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಕೈಯಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನು, ಜೇಬಲ್ಲಿ ಒಂದು ಸ್ಪ್ಯಾನರು. ಕನ್ನಡಕ ಇಲ್ಲ, ಗ್ಲೌಸ್ ಇಲ್ಲ, ಕಾಲಿಗೆ ಹವಾಯಿ ಚಪ್ಪಲಿ. "ನೀರೇ ಇಲ್ಲ ಅಣ್ಣ, ಪೂರ್ತಿ ಒಣಗೋಗಿದೆ" ಅಂದ. ಮುಚ್ಚಳ ತೆಗೆದ, ನೀರು ಹಾಕತೊಡಗಿದ. ಯುಪಿಎಸ್ ಚಾರ್ಜ್ ಆಗ್ತಾನೇ ಇತ್ತು. ಆಫ್ ಮಾಡು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನನಗೂ ಹೊಳೆಯಲಿಲ್ಲ. ಟರ್ಮಿನಲ್ ಸಡಿಲ ಇದೆ ಅಂತ ಬಗ್ಗಿ ಸ್ಪ್ಯಾನರು ಹಾಕಿದ. ಒಂದು ಕಿಡಿ ಕಂಡಿತು. ಢಬ್ ಅಂತ ಸದ್ದು. ಅಷ್ಟೇ ನನಗೆ ನೆನಪಿರೋದು.

ಬ್ಯಾಟರಿಯ ಮೇಲ್ಭಾಗ ಸೀಳಿಹೋಗಿತ್ತು. ಹುಡುಗನ ಮುಖ, ಕುತ್ತಿಗೆ, ಎದೆ ಮೇಲೆಲ್ಲ ಆಸಿಡ್. ತಂತಿ ಶಾರ್ಟ್ ಆಗಿ ಕಾದು, ಪಕ್ಕದ ಪೇಪರ್ ಕಟ್ಟು ಹೊಗೆಯಾಡತೊಡಗಿತ್ತು. ಬಿ.ಇ. ಮುಗಿಸಿದ ಈ ಮಹಾನುಭಾವ ಏನು ಮಾಡಿದ ಗೊತ್ತಾ? ಅಡುಗೆಮನೆಗೆ ಓಡಿ ಸೋಡಾಪುಡಿ ಡಬ್ಬಿ ಹುಡುಕುತ್ತಿದ್ದ! ಆಮ್ಲಕ್ಕೆ ಪ್ರತ್ಯಾಮ್ಲ ಹಾಕಿದರೆ ತಟಸ್ಥ ಆಗುತ್ತೆ ಅಂತ ಹೈಸ್ಕೂಲಲ್ಲಿ ಓದಿದ್ದು ಆ ಹೊತ್ತಲ್ಲೇ ನೆನಪಾಗಬೇಕೇ.

ಎಸ್ಸೆಸ್ಸೆಲ್ಸಿವರೆಗೆ ಓದಿದ ನಮ್ಮಮ್ಮ ಹುಡುಗನ ತೋಳು ಹಿಡಿದು ಹಿತ್ತಲ ನಲ್ಲಿಗೆ ಎಳೆದುಕೊಂಡು ಹೋಗಿದ್ದರು. "ಬಗ್ಗು ಕಂದಾ, ಕಣ್ಣು ಬಿಡು, ನೀರು ಬೀಳ್ಲಿ, ಉಜ್ಜಬೇಡ" ಅಂತ ಒಂದೇ ಸಮ ಹೇಳ್ತಿದ್ದರು. ಅಂಗಿ ಹರಿದೇ ತೆಗೆದರು. ನಾನು ಸೋಡಾ ಹಿಡಿದು ಹೋದರೆ, "ಅದನ್ನ ಅತ್ಲಾಗೆ ಬಿಸಾಕು, ಮೊದಲು ಮೇನ್ ಆಫ್ ಮಾಡು, ಆಮೇಲೆ ಪೈಪ್ ತಗೊಂಬಾ" ಅಂತ ಗದರಿದರು. ಪಕ್ಕದ ಮನೆಯವರು ಕಟ್ಟಡಕ್ಕೆ ತರಿಸಿದ್ದ ಮರಳು ಬುಟ್ಟಿಯಲ್ಲಿ ಹೊತ್ತು ತಂದು ಪೇಪರ್ ಕಟ್ಟಿನ ಮೇಲೆ ಸುರಿದರು. ಅಮ್ಮ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನೀರು ಬಿಟ್ಟಿರಬೇಕು. ಆಮೇಲೆ ಆಸ್ಪತ್ರೆ, ಅಲ್ಲಿಂದ ಹಾಸನದ ಕಣ್ಣಿನ ಡಾಕ್ಟರು. "ನೀರು ಹಾಕಿದ್ದಕ್ಕೆ ಕಣ್ಣು ಉಳೀತು" ಅಂದರು. ಅಮ್ಮನಿಗೆ ಹೇಗೆ ಗೊತ್ತಿತ್ತು ಅಂತ ಆಮೇಲೆ ಕೇಳಿದೆ. ಅವರು ಚಿಕ್ಕವರಿದ್ದಾಗ ಗೋಡೆಗೆ ಬಳಿಯೋ ಸುಣ್ಣ ಕಣ್ಣಿಗೆ ಬಿದ್ದಿತ್ತಂತೆ, ಅವರಪ್ಪ ಕೊಳಗಗಟ್ಟಲೆ ನೀರು ಹಾಕಿದ್ದರಂತೆ.

ಈಗ ಕ್ಯಾಂಟೀನಿನ ಮಹಾಶಯನ ವಾದಕ್ಕೆ ಬರೋಣ.

ಅವನು ಹೇಳಿದ್ದು ಅಕ್ಷರಶಃ ಸರಿ. ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್, ತಾನಾಗಿ ಉರಿಯೋದಿಲ್ಲ. ಅಮೆರಿಕದಲ್ಲಿ ರಾಸಾಯನಿಕಗಳ ಡಬ್ಬಿ, ಟ್ಯಾಂಕುಗಳಿಗೆ ನಾಲ್ಕು ಬಣ್ಣದ ವಜ್ರಾಕಾರದ ಚೀಟಿ ಅಂಟಿಸ್ತಾರೆ, ನಮ್ಮಲ್ಲೂ ಎಷ್ಟೋ ಕಡೆ ಕಾಣುತ್ತೆ. ಅದರಲ್ಲಿ ಕೆಂಪು ಮನೆ ಬೆಂಕಿಗೆ. ಈ ಆಸಿಡ್ಡಿಗೆ ಅಲ್ಲಿ 0 ಅಂತಲೇ ಬರೆದಿರುತ್ತೆ. ಆದರೆ ಆ ಚೀಟಿಯಲ್ಲಿ ಇನ್ನೂ ಮೂರು ಮನೆ ಇದೆ ಸ್ವಾಮಿ. ಆರೋಗ್ಯದ ನೀಲಿ ಮನೆಯಲ್ಲಿ 3. ಬೇರೆ ವಸ್ತುವಿನ ಜೊತೆ ಹೇಗೆ ವರ್ತಿಸುತ್ತೆ ಅನ್ನೋ ಹಳದಿ ಮನೆಯಲ್ಲಿ 2. ಕೆಳಗಿನ ಬಿಳಿ ಮನೆಯಲ್ಲಿ ನೀರಿನ ಬಗ್ಗೆ ಎಚ್ಚರಿಕೆಯ ಗುರುತು. ನಾವು 0 ಓದಿ ಸುಮ್ಮನಾಗ್ತೀವಿ. ತಾನು ಉರಿಯದೇ ಬೇರೆಯದಕ್ಕೆ ಬೆಂಕಿ ಹಚ್ಚೋದು ಈ ಆಸಿಡ್ಡಿನ ಗುಣ.

ಹೇಗೆ ಅಂತೀರಾ? ಮೊದಲನೆಯದು, ಶಾಖ. 98 ಪರ್ಸೆಂಟಿನ ಗಾಢ ಆಸಿಡ್ಡಿಗೆ ನೀರು ಸೇರಿದರೆ ಅಲ್ಲೇ ಕುದಿಯುವಷ್ಟು ಕಾಯುತ್ತೆ. ಅದು ನೀರಿಗಿಂತ ಹೆಚ್ಚುಕಮ್ಮಿ 1.84 ಪಟ್ಟು ಭಾರ. ಮೇಲಿಂದ ಹಾಕಿದ ನೀರು ಮೇಲೆಯೇ ನಿಂತು ಕುದ್ದು ಆಸಿಡ್ಡನ್ನು ಮುಖಕ್ಕೆ ಎರಚುತ್ತೆ. ಎರಡನೆಯದು, ಸೌದೆ, ಹತ್ತಿ, ಮರದ ಹೊಟ್ಟು, ಸಕ್ಕರೆ, ಪೇಪರು ಇಂಥವುಗಳಿಂದ ನೀರಿನಂಶ ಕಿತ್ತುಕೊಂಡು ಇದ್ದಿಲು ಮಾಡುತ್ತೆ, ಆಗಲೂ ಬಿಸಿ ಏರುತ್ತೆ. ಪರ್ಮಾಂಗನೇಟು, ಕ್ಲೋರೇಟುಗಳ ಪಕ್ಕ ಇದನ್ನು ಇಡಲೇಬಾರದು, ಅಲ್ಲಿ ಬೆಂಕಿಯಷ್ಟೇ ಅಲ್ಲ, ಸ್ಫೋಟವೇ ಆಗಬಹುದು. ಮೂರನೆಯದು ಎಲ್ಲರೂ ಮರೆಯೋದು: ನೀರು ಬೆರೆತ ಆಸಿಡ್ ಕಬ್ಬಿಣ, ಸತುವಿನಂಥ ಲೋಹಕ್ಕೆ ತಾಗಿದರೆ ಹೈಡ್ರೋಜನ್ ಬಿಡುತ್ತೆ. ಕಬ್ಬಿಣದ ಆಸಿಡ್ ಡ್ರಮ್ಮು "ಖಾಲಿ ಇದೆ" ಅಂತ ವೆಲ್ಡಿಂಗಿಗೆ ಕೂರುತ್ತಾರಲ್ಲ, ಆ ಡ್ರಮ್ಮು ಖಾಲಿ ಇರೋಲ್ಲ. ತಳದಲ್ಲಿ ಉಳಿದ ಆಸಿಡ್ಡಿಗೆ ಗಾಳಿಯ ತೇವ ಸೇರಿ, ಒಳಗೆಲ್ಲ ಹೈಡ್ರೋಜನ್ ತುಂಬಿರಬಹುದು.

ನಮ್ಮ ಬ್ಯಾಟರಿಯ ಕತೆ ಇದಕ್ಕಿಂತ ಸ್ವಲ್ಪ ಬೇರೆ. ಅದರೊಳಗೆ ಸುಮಾರು ಮೂರನೇ ಒಂದು ಪಾಲು ಆಸಿಡ್, ಉಳಿದದ್ದು ನೀರು. ಚಾರ್ಜ್ ತುಂಬಿದ ಮೇಲೂ ಕರೆಂಟು ಹರಿಯುತ್ತಿದ್ದರೆ ಅದು ನೀರನ್ನು ಒಡೆದು ಹೈಡ್ರೋಜನ್, ಆಕ್ಸಿಜನ್ ಮಾಡುತ್ತೆ. ನೀರು ಕಮ್ಮಿ ಆಗೋದು ಬಹುಪಾಲು ಹೀಗೇ.

ಅವತ್ತು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಮಾಡಿದ ಲೆಕ್ಕ ಇದು, ಪಿಯುಸಿಯಲ್ಲಿ ಓದಿದ ಫ್ಯಾರಡೆಯ ಲೆಕ್ಕವೇ. ಹೀಗೆ ವ್ಯರ್ಥವಾಗುವ ಒಂದೊಂದು ಆಂಪಿಯರ್-ಅವರಿಗೆ ಒಂದು ಸೆಲ್ಲಿನಿಂದ ಸುಮಾರು 0.42 ಲೀಟರ್ ಹೈಡ್ರೋಜನ್. 12 ವೋಲ್ಟ್ ಬ್ಯಾಟರಿಯಲ್ಲಿ 6 ಸೆಲ್, ಅಂದರೆ 2.5 ಲೀಟರ್. ಚಾರ್ಜರು 10 ಆಂಪಿಯರ್ ತಳ್ಳುತ್ತಿದ್ದರೆ ಗಂಟೆಗೆ 25 ಲೀಟರ್. ನಮ್ಮ ಕಪಾಟು ಹೆಚ್ಚುಕಮ್ಮಿ ಒಂದು ಘನ ಮೀಟರ್, ಅಂದರೆ 1000 ಲೀಟರ್. ಹೈಡ್ರೋಜನ್ ಗಾಳಿಯಲ್ಲಿ 4 ಪರ್ಸೆಂಟ್ ಆದರೆ ಸಾಕು, ಬೆಂಕಿ ಹಿಡಿಯುತ್ತೆ, 75 ಪರ್ಸೆಂಟಿನವರೆಗೂ ಹಿಡಿಯುತ್ತೆ. 40 ಲೀಟರ್ ಆಗೋಕೆ ಎರಡು ಗಂಟೆ ಸಹ ಬೇಡ! ನೆಟ್ಟಗಿರುವ ಚಾರ್ಜರು ಬ್ಯಾಟರಿ ತುಂಬಿದಾಗ ಕರೆಂಟು ತಗ್ಗಿಸುತ್ತೆ, ಕಪಾಟೂ ಪೂರ್ತಿ ಗಾಳಿಯಾಡದ ಹಾಗೆ ಇರೋದಿಲ್ಲ. ಹಾಗಾಗಿ ಇದು ಕೆಟ್ಟದ್ದಕ್ಕೆ ಕೆಟ್ಟ ಲೆಕ್ಕ, ಒಪ್ತೀನಿ. ಆದರೆ ಒಂದು ಸೆಲ್ ಸತ್ತ ಹಳೇ ಬ್ಯಾಟರಿಯಲ್ಲಿ ಚಾರ್ಜರಿಗೆ "ತುಂಬಿತು" ಅನ್ನೋದೇ ತಿಳಿಯದೆ ಉಳಿದ ಸೆಲ್ಲುಗಳಿಗೆ ತಳ್ಳುತ್ತಲೇ ಇರುತ್ತೆ. ಸಂದಿ ಮುಚ್ಚಿಸಿದವನೂ ನಾನೇ. ಅಲ್ಲದೆ ನೀರು ಬತ್ತಿದ ಬ್ಯಾಟರಿಯ ಒಳಗೇ ಗ್ಯಾಸ್ ತುಂಬೋಕೆ ಜಾಗ ಹೆಚ್ಚು. ನಮ್ಮ ಮನೆಯಲ್ಲಿ ಸಿಡಿದದ್ದು ಅದೇ. ಬಾಗಿಲು ತೆಗೆದು ಕಪಾಟಿಗೆ ಗಾಳಿ ಆಡಿದ್ದಕ್ಕೆ ಅಷ್ಟರಲ್ಲೇ ಮುಗೀತು ಅಂದುಕೊಂಡಿದ್ದೇನೆ.

"ಏನೋ ನಿಮ್ಮನೇಲಿ ಆಯ್ತು, ಲಕ್ಷಾಂತರ ಮನೇಲಿ ಏನೂ ಆಗಿಲ್ವಲ್ಲ" ಅಂದ ಮಹಾಶಯ. ಸರಿ, ಮನೆ ಬಿಡಿ, ದೊಡ್ಡವರ ಕತೆ ಹೇಳ್ತೀನಿ. ಜುಲೈ 17, 2001. ಅಮೆರಿಕದ ಡೆಲವೇರ್ ಸಿಟಿಯಲ್ಲಿ ಮೋಟಿವಾ ಕಂಪನಿಯ ತೈಲ ಸಂಸ್ಕರಣಾಗಾರ. ಅಲ್ಲಿ ಬಳಸಿ ಉಳಿದ ಸಲ್ಫ್ಯೂರಿಕ್ ಆಸಿಡ್ಡಿನ ಟ್ಯಾಂಕುಗಳ ಮೇಲೆ ಓಡಾಡೋ ಕಟ್ಟೆಯನ್ನು ಗುತ್ತಿಗೆ ಕೆಲಸಗಾರರು ರಿಪೇರಿ ಮಾಡುತ್ತಿದ್ದರು. ಟ್ಯಾಂಕಿನಲ್ಲಿದ್ದದ್ದು ಆಸಿಡ್, ಸರಿ. ಆದರೆ ಬಳಸಿದ ಆಸಿಡ್ಡಿನಲ್ಲಿ ತೈಲದ ಅಂಶ ಸೇರಿತ್ತು. ಅದರ ಆವಿ ಟ್ಯಾಂಕಿನ ಮೇಲ್ಭಾಗದಲ್ಲಿ ತುಂಬಿತ್ತು. ತುಕ್ಕು ತಿಂದು ಟ್ಯಾಂಕಿಗೆ ತೂತು ಬಿದ್ದಿತ್ತು. ರಿಪೇರಿಯ ಕಿಡಿ ಆವಿಗೆ ತಾಗಿತು. ಟ್ಯಾಂಕು ಬುಡದಿಂದ ಕಿತ್ತು ಬಿತ್ತು. ಒಬ್ಬರು ಸತ್ತರು, ದೇಹ ಸಿಗಲೇ ಇಲ್ಲ. ಎಂಟು ಜನರಿಗೆ ಗಾಯ. ಸುಮಾರು 99 ಸಾವಿರ ಗ್ಯಾಲನ್ ಆಸಿಡ್ ಡೆಲವೇರ್ ನದಿ ಸೇರಿತು.

ಇದರ ತನಿಖೆ ಮಾಡಿದ್ದು ಅಲ್ಲಿಯ ಕೆಮಿಕಲ್ ಸೇಫ್ಟಿ ಬೋರ್ಡ್. ಅವರಿಗೆ ಸಿಕ್ಕ ಕಾರಣಗಳಲ್ಲಿ ಹೊಸ ವಿಜ್ಞಾನ ಏನೂ ಇರಲಿಲ್ಲ. ಟ್ಯಾಂಕು ಸೋರುತ್ತೆ ಅಂತ ಗೊತ್ತಿತ್ತು. ಒಳಗಿಂದ ತಪಾಸಣೆ ಮಾಡಿ ಅಂತ ಪರೀಕ್ಷಕರು ಮತ್ತೆ ಮತ್ತೆ ಹೇಳಿದ್ದರು, ಮುಂದಕ್ಕೆ ಹಾಕುತ್ತಾ ಬಂದರು. ಅಪಾಯ ಇದೆ ಅಂತ ಕೆಲಸಗಾರರೇ ಅದಕ್ಕೆ ಕೆಲವು ವಾರ ಮುಂಚೆ ಬರೆದುಕೊಟ್ಟಿದ್ದರು. ಗೊತ್ತಿದ್ದೂ ಮರೆತರು. ಮೂಲೇಲಿಟ್ಟು ಮರೆತುಬಿಡು ಅನ್ನೋದರ ದೊಡ್ಡ ರೂಪ ಇದು ಅಷ್ಟೇ.

ನನ್ನ ನಿಜವಾದ ಜಗಳ ಇರೋದು ಇಲ್ಲಿ. ಬ್ಯಾಟರಿ ಸಿಡಿದ ಮಾರನೇ ದಿನ ಅಂಗಡಿಯ ಮಾಲೀಕರು ಬಂದರು. ಮೊದಲ ಮಾತೇ "ಹುಡುಗ ಅಜಾಗರೂಕ ಸಾರ್, ನೋಡಿಕೊಂಡು ಮಾಡಬೇಕಿತ್ತು." ಆ ಹುಡುಗ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೈಡ್ರೋಜನ್ ಅನ್ನೋ ಪದವನ್ನೇ ಯಾರೂ ಅವನ ಕಿವಿಗೆ ಹಾಕಿಲ್ಲ. ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಸಂಬಳ ಹಿಡಿದರಂತೆ. ಆಸ್ಪತ್ರೆ ಖರ್ಚು ನಾನು ಕೊಟ್ಟೆ, ದೊಡ್ಡ ಉಪಕಾರ ಮಾಡಿದೆ ಅಂತಲ್ಲ. ತಪ್ಪಿನಲ್ಲಿ ನನ್ನ ಪಾಲು ದೊಡ್ಡದಿತ್ತು.

ಯಾಕೆ ದೊಡ್ಡದು ಅಂದರೆ, ನನಗೆ ಎಲ್ಲ ಗೊತ್ತಿತ್ತು! "ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗೆ ಹಾಕಬಾರದು, ಏಕೆ?" ಎರಡು ಮಾರ್ಕಿನ ಪ್ರಶ್ನೆ. ಬರೆದಿದ್ದೇನೆ, ಎರಡೂ ಮಾರ್ಕು ಬಂದಿದೆ. ಸತು ಮತ್ತು ಆಸಿಡ್ ಸೇರಿಸಿ ಪ್ರನಾಳದ ಬಾಯಿಗೆ ಉರಿಯೋ ಕಡ್ಡಿ ಹಿಡಿದು "ಪಟ್" ಅನ್ನಿಸಿದ್ದು ಹೈಸ್ಕೂಲಲ್ಲಿ. ಅದೇ ಪಟ್ ಮನೆಯಲ್ಲಿ ಢಬ್ ಆಗಬಹುದು ಅಂತ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಹೊಳೆಯಲಿಲ್ಲ. ಪಿಯುಸಿ ಲ್ಯಾಬಿನಲ್ಲಿ ಉಂಗುರದ ಪರೀಕ್ಷೆಗೆ ಗಾಢ ಆಸಿಡ್ಡನ್ನು ಪ್ರನಾಳದ ಗೋಡೆಗುಂಟ ಇಳಿಸುತ್ತಿದ್ದೆವಲ್ಲ, ಆಗ ನಮ್ಮ ಕಾಲೇಜಿನಲ್ಲಿ ಅರವತ್ತು ಜನಕ್ಕೆ ಕನ್ನಡಕ ಎಷ್ಟಿತ್ತು? ಸೊನ್ನೆ. ಕಣ್ಣಿಗೆ ಬಿದ್ದರೆ ಯಾವ ನಲ್ಲಿಗೆ ಓಡಬೇಕು ಅಂತ ಯಾರಾದರೂ ತೋರಿಸಿದ್ದರಾ? ಇಲ್ಲ. ರೆಕಾರ್ಡ್ ಬುಕ್ಕಿನಲ್ಲಿ "ಮುನ್ನೆಚ್ಚರಿಕೆಗಳು" ಅಂತ ಐದು ಸಾಲು ಬರೆಯದಿದ್ದರೆ ಮಾತ್ರ ಸಹಿ ಹಾಕುತ್ತಿರಲಿಲ್ಲ. ನಿಮ್ಮ ಕಾಲೇಜಿನಲ್ಲಿ ಚೆನ್ನಾಗಿತ್ತು ಅಂದರೆ ನನಗೆ ನಿಜವಾಗಲೂ ಸಂತೋಷ.

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ. ಜುಲೈ 2013ರಲ್ಲಿ ಸುಪ್ರೀಂ ಕೋರ್ಟು ಆಸಿಡ್ ಮಾರಾಟಕ್ಕೆ ಕಟ್ಟುಪಾಡು ಹಾಕಿತು: ಮಾರುವವರು ರಿಜಿಸ್ಟರ್ ಇಡಬೇಕು, ಗುರುತಿನ ಚೀಟಿ ನೋಡಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು, ಲ್ಯಾಬ್ ಇರುವ ಶಿಕ್ಷಣ ಸಂಸ್ಥೆಗಳೂ ಲೆಕ್ಕ ಇಡಬೇಕು ಅಂತ. ಬಹಳ ಬೇಕಿದ್ದ ಆದೇಶ, ಹೆಣ್ಣುಮಕ್ಕಳ ಮುಖ ಸುಡುವ ಪಾಪಿಗಳನ್ನು ತಡೆಯೋಕೆ. ಆದರೆ ಅದು ಎರಚುವವನ ಬಗ್ಗೆ. ಆಸಿಡ್ಡಿನಲ್ಲೇ ದಿನವಿಡೀ ಕೈ ಆಡಿಸೋ ಹುಡುಗನ ಕಣ್ಣಿನ ಬಗ್ಗೆ ಆ ರಿಜಿಸ್ಟರ್ ಏನೂ ಹೇಳಲ್ಲ.

ಇನ್ನೊಂದು ತೀರ್ಪೂ ಇದೆ. ಡಿಸೆಂಬರ್ 1985ರಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಸೋರಿತು. ಓಲಿಯಂ ಅಂದರೆ ಈ ಸಲ್ಫ್ಯೂರಿಕ್ ಆಸಿಡ್ಡಿನದೇ ಇನ್ನೂ ಉಗ್ರ ರೂಪ. ಭೋಪಾಲ್ ಆಗಿ ಒಂದೇ ವರ್ಷ ಆಗಿತ್ತು. ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಡಿಸೆಂಬರ್ 1986ರಲ್ಲಿ ಹೇಳಿದ್ದರ ಸಾರ ಇಷ್ಟು: ಅಪಾಯಕಾರಿ ಉದ್ಯಮ ನಡೆಸಿ ಲಾಭ ಮಾಡುವವರು, ಅವಘಡವಾದರೆ "ನಾವು ಎಲ್ಲ ಎಚ್ಚರಿಕೆ ವಹಿಸಿದ್ದೆವು" ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ತೀರ್ಪು ಕಾರ್ಖಾನೆಗಳಿಗೆ, ನಮ್ಮೂರಿನ ಬ್ಯಾಟರಿ ಅಂಗಡಿಗಲ್ಲ, ಒಪ್ಪಿದೆ. ಆದರೆ ಅದರ ನ್ಯಾಯ ನೋಡಿ. ಅಪಾಯದಿಂದ ಅನುಕೂಲ ಪಡೆಯೋನು ಅಪಾಯದ ಹೊಣೆ ಹೊರಬೇಕು. ಬ್ಯಾಟರಿಯಿಂದ ಮಾಲೀಕರಿಗೆ ಲಾಭ, ನನಗೆ ಕರೆಂಟು. ಹುಡುಗನಿಗೆ ಮಾತ್ರ ಆಸಿಡ್. ಇದು ಯಾವ ನ್ಯಾಯ?

ಕೂಗಾಡಿದ್ದು ಸಾಕು, ಕೆಲಸಕ್ಕೆ ಬರುವ ಮಾತು ಹೇಳ್ತೀನಿ.

ಬ್ಯಾಟರಿ ಗಾಳಿಯಾಡೋ ಜಾಗದಲ್ಲಿರಲಿ. ಹೈಡ್ರೋಜನ್ ಗಾಳಿಗಿಂತ ಬಹಳ ಹಗುರ, ಮೇಲಕ್ಕೆ ಹೋಗುತ್ತೆ, ಅದಕ್ಕೆ ಮೇಲೆ ದಾರಿ ಇರಲೇಬೇಕು. ದೇವರ ದೀಪ, ಊದಿನಕಡ್ಡಿ, ಗ್ಯಾಸ್ ಸಿಲಿಂಡರ್ ಹತ್ತಿರ ಬೇಡ. ಪೇಪರು, ಬಟ್ಟೆ, ಸೀಮೆಎಣ್ಣೆ ಪಕ್ಕದಲ್ಲಿಡಬೇಡಿ. ಮುಚ್ಚಳದ ತೂತುಗಳ ಮೇಲೆ ಧೂಳು ಕೂರದಿರಲಿ. ನೀರಿನ ಮಟ್ಟ ಆಗಾಗ ನೋಡಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡಿ, ಆಸಿಡ್ ಅಂತೂ ಬೇಡವೇ ಬೇಡ. ಮುಟ್ಟುವ ಮುಂಚೆ ಚಾರ್ಜಿಂಗ್ ಆಫ್ ಮಾಡಿ, ಬಾಗಿಲು ತೆಗೆದು ಸ್ವಲ್ಪ ಹೊತ್ತು ಗಾಳಿ ಆಡಲಿ. ಕೈಬಳೆ, ಉಂಗುರ, ವಾಚು ಬಿಚ್ಚಿಡಿ, ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಕೊಳೆತ ಮೊಟ್ಟೆ ವಾಸನೆ ಬಂದರೆ, ಬ್ಯಾಟರಿ ಉಬ್ಬಿದರೆ, ವಿಪರೀತ ಬಿಸಿಯಾದರೆ ಮೇನ್ ಆಫ್ ಮಾಡಿ ದೂರ ನಿಂತು ತಿಳಿದವರನ್ನು ಕರೆಯಿರಿ.

ಆಸಿಡ್ ಚೆಲ್ಲಿದರೆ ಮರದ ಹೊಟ್ಟು, ಹಳೇ ಬಟ್ಟೆ ಬೇಡ. ಒಣ ಮರಳು ಹಾಕಿ, ನೆಲಕ್ಕೆ ಸೋಡಾ ಅಥವಾ ಸುಣ್ಣದ ಪುಡಿ ಆಮೇಲೆ. ಬೆಂಕಿ ಬಿದ್ದಾಗ ಗಾಢ ಆಸಿಡ್ ಇರೋ ಪಾತ್ರೆಯೊಳಕ್ಕೆ ನೀರು ಹೊಡೆಯಬೇಡಿ. ಮೈಗೆ ಬಿದ್ದರೆ ಮಾತ್ರ ನೀರು, ನೀರು, ನೀರು. ಹರಿಯೋ ನೀರು, ಕಡಿಮೆ ಅಂದ್ರೂ ಇಪ್ಪತ್ತು ನಿಮಿಷ, ಬಟ್ಟೆ ತೆಗೆದು. ಮೈಮೇಲೆ, ಕಣ್ಣಿಗೆ ಸೋಡಾ ಹಾಕೋ ನನ್ನಂಥ ಬುದ್ಧಿವಂತರನ್ನು ಹತ್ತಿರ ಬಿಡಬೇಡಿ :(

ಹುಡುಗನ ವಿಷಯ ಹೇಳಿ ಮುಗಿಸ್ತೀನಿ. ಎಡಗಣ್ಣು ಸ್ವಲ್ಪ ಮಂಜು, ಕುತ್ತಿಗೆ ಮೇಲೆ ಅಂಗೈಯಗಲದ ಕಲೆ. ತಿಂಗಳೊಳಗೆ ಅದೇ ಅಂಗಡಿಯಲ್ಲಿ ಅದೇ ಕೆಲಸಕ್ಕೆ ವಾಪಸ್ ಹೋದ, ಬೇರೆ ಕೆಲಸ ಎಲ್ಲಿದೆ? ನಾನು ಬೆಂಗಳೂರಿನಿಂದ ಒಂದು ಜೊತೆ ರಬ್ಬರ್ ಗ್ಲೌಸು, ಪೂರ್ತಿ ಕಣ್ಣು ಮುಚ್ಚೋ ಕನ್ನಡಕ ತಗೊಂಡು ಹೋಗಿ ಕೊಟ್ಟೆ. ಇವೆರಡರ ಬೆಲೆ ನಾವು ವಾರದ ಕೊನೆಗೆ ತಿನ್ನೋ ಒಂದು ಪಿಜ್ಜಾಕ್ಕಿಂತ ಕಮ್ಮಿ. ಈ ಸಲ ದೀಪಾವಳಿಗೆ ಹೋದಾಗ ಸಿಕ್ಕಿದ್ದ. ಹಾಕ್ಕೋತೀಯಾ ಅಂತ ಕೇಳಿದೆ. ನಾಚಿಕೊಂಡು ನಕ್ಕ. "ಗ್ಲೌಸ್ ಹಾಕ್ಕೋತೀನಿ ಅಣ್ಣ. ಕನ್ನಡಕ ಹಾಕ್ಕೊಂಡ್ರೆ ಮನೆಯವರು ನಗ್ತಾರೆ, ಏನೋ ಬಾಂಬ್ ತೆಗಿಯೋಕೆ ಬಂದಂಗೆ ಬಂದಿದ್ದೀಯಲ್ಲೋ ಅಂತಾರೆ."

ಆ ನಗುವ ಮನೆಯವರು ಯಾರು ಗೊತ್ತಾ? ನಾನು, ನೀವು, ಕ್ಯಾಂಟೀನಿನ ಆರು ಜನ ಎಂಜಿನಿಯರುಗಳು. ಮುಂದಿನ ಸಲ ನಿಮ್ಮನೆಗೆ ನೀರು ಹಾಕೋಕೆ ಹುಡುಗ ಬಂದರೆ, ಕನ್ನಡಕ ಇಲ್ಲದೆ ಬ್ಯಾಟರಿ ಮುಟ್ಟಬೇಡ ಅಂತ ನೀವೇ ಹೇಳಿ. ಅವನ ಹತ್ತಿರ ಇಲ್ಲದಿದ್ದರೆ ನಿಮ್ಮದೊಂದು ತೆಗೆದಿಟ್ಟಿರಿ. ಇಷ್ಟು ಮಾಡೋಕೆ ಯಾವ ಕಾನೂನೂ ಬೇಡ.

ನಿಮ್ಮ ಅನಿಸಿಕೆ ಬರೆಯಿರಿ, ಬೈಯೋದಿದ್ದರೂ ಬೈಯಿರಿ. ಆದರೆ ಅದಕ್ಕೆ ಮುಂಚೆ ಎದ್ದು ಹೋಗಿ ನಿಮ್ಮನೆ ಬ್ಯಾಟರಿ ಎಲ್ಲಿದೆ, ಪಕ್ಕದಲ್ಲಿ ಏನಿದೆ ಅಂತ ಒಂದು ಸಲ ನೋಡಿ ಬನ್ನಿ.

ಕೊನೇ ಕೊಸರು: ಲಿಥಿಯಂ ಪರ ವಕಾಲತ್ತು ಮಾಡ್ತಿದ್ದೀನಿ ಅಂದುಕೋಬೇಡಿ, ಅದರ ಅಪಾಯ ಅದಕ್ಕೆ ಇದೆ. ನಮ್ಮನೆಯಲ್ಲಿ ಈಗಲೂ ಇರೋದು ಲೆಡ್ ಆಸಿಡ್ ಬ್ಯಾಟರಿಯೇ. ಹಿತ್ತಲ ವರಾಂಡದಲ್ಲಿದೆ, ಬಾಗಿಲಿಲ್ಲ. ಚೆಂದ ಏನೂ ಕಾಣಲ್ಲ. ಅಮ್ಮ ಅದರ ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟಿದ್ದಾರೆ, ನಮ್ಮನೆ ಬೆಕ್ಕಿಗೆ ಅದು ಬೇರೆಯದೇ ಕೆಲಸಕ್ಕೆ ಬರ್ತಿದೆ :)